ಲೇಹ್‌ನಲ್ಲಿ ಸೈಕಲ್: ಯಾವ ದಾರಿ ಅನ್ನೋದಕ್ಕಿಂತ ಎಷ್ಟನೇ ದಿನ ಅನ್ನೋದು ಮುಖ್ಯ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಚಿಕ್ಕದಾಗಿ ತಿದ್ದಲಾಗಿದೆ.

 

ಬೇಸಿಗೆ ಶುರುವಾದ್ರೆ ಸಾಕು, ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಪ್ರಶ್ನೆ ಬರೋಕೆ ಶುರುವಾಗುತ್ತೆ. "ಲೇಹ್‌ಗೆ ಹೋಗ್ತಾ ಇದೀವಿ, ಐದು ದಿನ ರಜೆ ಸಿಕ್ಕಿದೆ. ಖರ್ದುಂಗ್ ಲಾ ಸೈಕಲ್‌ನಲ್ಲಿ ಆಗುತ್ತಾ?" ಕೇಳೋರಲ್ಲಿ ಹೆಚ್ಚಿನವರು ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತೋ ಹುಡುಗ ಹುಡುಗಿಯರು. ಕಾಲಲ್ಲಿ ಶಕ್ತಿ ಇದೆ, ಒಳ್ಳೇ ಸೈಕಲ್ ಇದೆ, ಟಿಕೆಟ್ ಕೂಡ ಬುಕ್ ಆಗಿದೆ. ನನ್ನ ಉತ್ತರ ಮಾತ್ರ ಪ್ರತಿ ಸಲ ಒಂದೇ: "ಎಷ್ಟನೇ ದಿನ ಹತ್ತಬೇಕು ಅಂತ ಇದೀರಾ?"

ಈ ಸಂಚಿಕೆ ಪೂರ್ತಿ ಆ ಮರುಪ್ರಶ್ನೆ ಬಗ್ಗೇನೇ. ಲೇಹ್ ಸುತ್ತ ಸೈಕಲ್‌ಗೆ ಯಾವ್ಯಾವ ದಾರಿ ಇವೆ, ಅವನ್ನ ಯಾವ ಕ್ರಮದಲ್ಲಿ ಮಾಡಬೇಕು, ಆ ಕ್ರಮ ತಪ್ಪಿದ್ರೆ ದೇಹದ ಒಳಗೆ ಏನಾಗುತ್ತೆ ಅಂತ ಒಂದೊಂದಾಗಿ ನೋಡೋಣ. ನಾನು ಓದಿರೋದು ಬಿ.ಕಾಂ., ಹಾಗಾಗಿ ಕೊನೆ ಕಡೆ ದುಡ್ಡಿನ ಮಾತೂ ಬರುತ್ತೆ. ಲೇಹ್‌ನಲ್ಲಿ ದುಡ್ಡಿಗೂ ಉಸಿರಿಗೂ ಒಂದು ವಿಚಿತ್ರ ಸಂಬಂಧ ಇದೆ.

ಮೊದಲು ಗಾಳಿಯ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಅದು ಸುಮಾರು 1,930 ಮೀಟರ್. ಲೇಹ್ ಪೇಟೆ ಇರೋದು ಸುಮಾರು 3,500 ಮೀಟರ್‌ನಲ್ಲಿ. ಅಂದ್ರೆ ನಮ್ಮ ರಾಜ್ಯದ ತುತ್ತತುದಿಯಲ್ಲಿ ನಿಂತು, ಅಲ್ಲಿಂದ ಇನ್ನೂ ಒಂದೂವರೆ ಕಿಲೋಮೀಟರ್ ಮೇಲಕ್ಕೆ ಹೋದ್ರೆ ಲೇಹ್ ಸಿಗುತ್ತೆ. ದೆಹಲಿಯಿಂದ ವಿಮಾನ ಹತ್ತಿದ್ರೆ ಒಂದೂಕಾಲು ಗಂಟೆ ಸಾಕು. ನಮಗೆ ಅದು ಬರೀ ಒಂದು ನಿದ್ದೆಯಷ್ಟು ಪ್ರಯಾಣ, ಆದ್ರೆ ದೇಹಕ್ಕೆ ಅದು ತುಂಬಾ ದೊಡ್ಡ ಜಿಗಿತ.

"ಮೇಲೆ ಆಕ್ಸಿಜನ್ ಕಮ್ಮಿ ಇರುತ್ತೆ" ಅಂತ ಎಲ್ಲರೂ ಹೇಳ್ತಾರೆ. ಅಸಲಿಗೆ ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲ ಕಡೆ ಅಷ್ಟೇ, ಸುಮಾರು 21 ಪರ್ಸೆಂಟ್. ಇಳಿಯೋದು ಗಾಳಿಯ ಒತ್ತಡ. ಲೇಹ್‌ನಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು 65 ಪರ್ಸೆಂಟ್. ಖರ್ದುಂಗ್ ಲಾ ತುದಿಯಲ್ಲಿ ಅರ್ಧದ ಹತ್ತಿರಕ್ಕೆ ಬಂದುಬಿಡುತ್ತೆ. ಹಾಗಾಗಿ ನೀವು ಎಳ್ಕೊಳ್ಳೋ ಪ್ರತಿ ಉಸಿರಲ್ಲೂ ಸಿಗೋ ಆಕ್ಸಿಜನ್ ಆ ಪ್ರಮಾಣಕ್ಕೆ ಇಳಿಯುತ್ತೆ. ಸಂಬಳದಲ್ಲಿ ಮೂರನೇ ಒಂದು ಭಾಗ ಕಟ್ ಆಯ್ತು, ಮನೆ ಬಾಡಿಗೆ ಮಾತ್ರ ಹಾಗೇ ಇದೆ ಅಂತ ಅಂದ್ಕೊಳ್ಳಿ. ಹೃದಯ, ಮೆದುಳು, ಜೀರ್ಣಕ್ರಿಯೆ ಎಲ್ಲಾ ತಮ್ಮ ಪಾಲು ಕೇಳ್ತಾನೇ ಇರ್ತವೆ. ಅದರ ಮೇಲೆ ಪೆಡಲ್ ತುಳಿಯೋ ಹೊಸ ಖರ್ಚು ಬೇರೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತೆ, ಆದ್ರೆ ಅದರದ್ದೇ ಆದ ನಿಧಾನದಲ್ಲಿ. ಮೊದಲ ಕೆಲವು ಗಂಟೆಗಳಲ್ಲೇ ಉಸಿರಾಟ ಜೋರಾಗುತ್ತೆ. ಜೋರಾಗಿ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಹೊರಗೆ ಹೋಗಿ ರಕ್ತದ ಆಮ್ಲ–ಕ್ಷಾರದ ಸಮತೋಲನ ಏರುಪೇರಾಗುತ್ತೆ. ಅದನ್ನ ಸರಿ ಮಾಡೋ ಕೆಲಸ ಮೂತ್ರಪಿಂಡದ್ದು, ಅದಕ್ಕೆ ಕೆಲವು ದಿನ ಬೇಕು. ಮೊದಲೆರಡು ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕಾದ್ರೆ ಗಾಬರಿ ಬೇಡ, ಒಳಗೆ ಕೆಲಸ ನಡೀತಾ ಇದೆ ಅಂತ ಅರ್ಥ. ಇನ್ನು ಹೊಸ ಕೆಂಪು ರಕ್ತಕಣ ಸಾಕಷ್ಟು ತಯಾರಾಗೋಕೆ ವಾರಗಳೇ ಬೇಕು. "ಎರಡು ದಿನದಲ್ಲಿ ರಕ್ತ ಜಾಸ್ತಿ ಆಗುತ್ತೆ, ಆಮೇಲೆ ಏನೂ ತೊಂದ್ರೆ ಇಲ್ಲ" ಅನ್ನೋದು ಬರೀ ಬಾಯಿಮಾತು.

ಫಿಟ್ ಆಗಿರೋರಿಗೆ ಏನೂ ಆಗಲ್ವಾ?

ನನಗೆ ಬರೋ ಮೆಸೇಜ್‌ಗಳಲ್ಲಿ ಅತಿ ಹೆಚ್ಚು ಕಾಣೋ ನಂಬಿಕೆ ಇದು. "ನಾನು ಹಾಫ್ ಮ್ಯಾರಥಾನ್ ಓಡ್ತೀನಿ, ನನಗೇನೂ ಆಗಲ್ಲ." ಫಿಟ್‌ನೆಸ್ ಇದ್ರೆ ಏರು ಹತ್ತೋಕೆ ಸಹಾಯ ಆಗುತ್ತೆ, ನಿಜ. ಎತ್ತರದ ಕಾಯಿಲೆಯಿಂದ ಮಾತ್ರ ಅದು ಕಾಪಾಡಲ್ಲ. ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮೊದಲೇ ಹೇಳೋದು ಕಷ್ಟ. ಜಿಮ್ ಹುಡುಗನಿಗೆ ಬಂದು, ಅವನ ಜೊತೆ ಬಂದ ಅಮ್ಮನಿಗೆ ಏನೂ ಆಗದೇ ಇರಬಹುದು. ಫಿಟ್ ಆಗಿರೋರಿಗೆ ಇನ್ನೊಂದು ಅಪಾಯ ಇದೆ. ಕಾಲಲ್ಲಿ ಕಸುವು ಇರೋದ್ರಿಂದ ದೇಹ ಬೇಡ ಅಂದ್ರೂ ಅವರು ಇನ್ನೂ ಹತ್ತು ಕಿಲೋಮೀಟರ್ ಹೋಗಿಬಿಡ್ತಾರೆ.

ಲಕ್ಷಣಗಳನ್ನ ನೆನಪಿಟ್ಟುಕೊಳ್ಳಿ. ಸಾಮಾನ್ಯ ರೂಪದಲ್ಲಿ ತಲೆನೋವು, ಅದರ ಜೊತೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು. ವಿಮಾನದಿಂದ ಇಳಿದ ತಕ್ಷಣ ಇದು ಕಾಣಿಸಲ್ಲ. ಹೆಚ್ಚಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಶುರುವಾಗುತ್ತೆ. ಬೆಳಿಗ್ಗೆ ಇಳಿದವರು ಮಧ್ಯಾಹ್ನ "ನನಗೇನೂ ಆಗಿಲ್ಲ" ಅಂತ ಸ್ಟೇಟಸ್ ಹಾಕಿ, ರಾತ್ರಿ ತಲೆ ಹಿಡ್ಕೊಂಡು ಕೂರೋದು ಇದಕ್ಕೇ.

ಜೀವಕ್ಕೇ ಅಪಾಯ ತರೋ ರೂಪಗಳು ಎರಡು. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಸುಮ್ಮನೆ ಕೂತಿದ್ರೂ ಏದುಸಿರು, ಬಿಡದ ಕೆಮ್ಮು, ಎದೆ ಬಿಗಿತ, ತುಟಿ ನೀಲಿಯಾಗೋದು ಇದರ ಗುರುತು. ಇದು ಸಾಮಾನ್ಯವಾಗಿ ಮೇಲೆ ಬಂದ ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಕಾಣಿಸ್ಕೊಳ್ಳುತ್ತೆ. ಇನ್ನೊಂದರಲ್ಲಿ ಮೆದುಳು ಊದುತ್ತೆ. ಮಾತು ತೊದಲೋದು, ಗೊಂದಲ, ಕುಡಿದವರ ಥರ ನಡಿಗೆ ಅದರ ಗುರುತು. ಇವೆರಡರಲ್ಲಿ ಯಾವುದು ಕಂಡ್ರೂ "ನಾಳೆ ನೋಡೋಣ" ಅನ್ನೋ ಮಾತೇ ಇಲ್ಲ. ತಕ್ಷಣ ಕೆಳಗೆ ಇಳೀಬೇಕು, ಆಕ್ಸಿಜನ್ ಬೇಕು, ಆಸ್ಪತ್ರೆ ಬೇಕು. ಲೇಹ್‌ನಲ್ಲಿ ಸೋನಂ ನೊರ್ಬೂ ಸ್ಮಾರಕ ಆಸ್ಪತ್ರೆ ಇದೆ, ಎಸ್‌ಎನ್‌ಎಂ ಆಸ್ಪತ್ರೆ ಅಂದ್ರೆ ಎಲ್ಲರಿಗೂ ಗೊತ್ತು. ಈ ಥರದ ರೋಗಿಗಳು ಅಲ್ಲಿನ ವೈದ್ಯರಿಗೆ ಹೊಸಬರೇನಲ್ಲ.

ಡೈಮಾಕ್ಸ್ ಅನ್ನೋ ಮಾತ್ರೆ ಬಗ್ಗೆ ತುಂಬಾ ಜನ ಕೇಳ್ತೀರಿ. ಅದರಲ್ಲಿರೋ ಔಷಧ ಅಸೆಟಜೋಲಮೈಡ್. ಉಸಿರಾಟ ಜೋರು ಮಾಡಿಸಿ, ದೇಹ ಬೇಗ ಹೊಂದಿಕೊಳ್ಳೋಕೆ ಅದು ಸಹಾಯ ಮಾಡುತ್ತೆ. ಸಲ್ಫಾ ಔಷಧದ ಅಲರ್ಜಿ ಇರೋರಿಗೆ, ಕೆಲವು ಕಾಯಿಲೆ ಇರೋರಿಗೆ ಅದು ಆಗಿಬರದೇ ಇರಬಹುದು. ಹಾಗಾಗಿ ಹೊರಡೋ ಮೊದಲು ನಿಮ್ಮ ಡಾಕ್ಟರನ್ನ ಕೇಳಿ, ಪಾಡ್‌ಕಾಸ್ಟ್ ಕೇಳಿ ಮಾತ್ರೆ ನುಂಗಬೇಡಿ. ಮೊದಲ ಎರಡು ದಿನ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ಎರಡೂ ಉಸಿರಾಟವನ್ನ ಮಂದ ಮಾಡ್ತವೆ.

ಮೊದಲ ಎರಡು ದಿನ: ಸೈಕಲ್ ಮುಟ್ಟಬೇಡಿ

ವಿಮಾನದಲ್ಲಿ ಬಂದವರು ಕಡಿಮೆ ಅಂದ್ರೂ 48 ಗಂಟೆ ವಿಶ್ರಾಂತಿ ತಗೋಬೇಕು ಅಂತ ಲಡಾಖ್‌ನಲ್ಲಿ ಎಲ್ಲ ಕಡೆ ಹೇಳ್ತಾರೆ. ಸೈಕಲ್ ಹುಡುಗರು ಇದನ್ನ "ಕಾರಲ್ಲಿ ಬರೋ ಟೂರಿಸ್ಟ್‌ಗಳಿಗೆ ಹೇಳಿರೋದು" ಅಂತ ಅಂದ್ಕೊಳ್ತಾರೆ. ದೇಹಕ್ಕೆ ಶ್ರಮ ಕೊಡೋರು ನಾವೇ ಆಗಿರೋದ್ರಿಂದ ಈ ಮಾತು ಮೊದಲು ನಮಗೇ ಅನ್ವಯಿಸುತ್ತೆ.

ಮೊದಲ ದಿನ ಮಲಗಿ, ನೀರು ಕುಡೀರಿ, ಹಗುರವಾಗಿ ಊಟ ಮಾಡಿ. ಎರಡನೇ ದಿನ ಸಂಜೆ ಲೇಹ್ ಮಾರುಕಟ್ಟೆ ತನಕ ನಿಧಾನಕ್ಕೆ ನಡೆಯಿರಿ. ಸೈಕಲ್ ಬಾಡಿಗೆ ಅಂಗಡಿಗಳು ಪೇಟೆಯಲ್ಲಿ, ಚಾಂಗ್‌ಸ್ಪಾ ರಸ್ತೆ ಕಡೆ ಸಿಗ್ತವೆ. ಎರಡು ಮೂರು ಕಡೆ ವಿಚಾರಿಸಿ ಬಿಡಿ, ಅಷ್ಟೇ. ರಾತ್ರಿ ನಿದ್ದೆಯಲ್ಲಿ ಉಸಿರು ಒಂದು ಕ್ಷಣ ನಿಂತ ಹಾಗಾಗಿ ದಿಢೀರ್ ಎಚ್ಚರ ಆಗಬಹುದು. ಇದು ಎತ್ತರದಲ್ಲಿ ತುಂಬಾ ಜನರಿಗೆ ಆಗೋ ವಿಷಯ.

ಬೆರಳಿಗೆ ಹಾಕೋ ಆಕ್ಸಿಮೀಟರ್ ತಂದಿರೋರಿಗೆ ಒಂದು ಮಾತು. ಊರಲ್ಲಿ 97, 98 ತೋರಿಸ್ತಿದ್ದ ಮೆಷಿನ್ ಇಲ್ಲಿ 90ಕ್ಕಿಂತ ಕೆಳಗೂ ತೋರಿಸಬಹುದು. ಆ ಎತ್ತರಕ್ಕೆ ಅದು ಅಚ್ಚರಿಯ ಸಂಖ್ಯೆ ಏನಲ್ಲ. ಬರೀ ಸಂಖ್ಯೆ ನೋಡಿ ಹೆದರಬೇಡಿ, ಬರೀ ಸಂಖ್ಯೆ ನೋಡಿ ಧೈರ್ಯಾನೂ ತಗೋಬೇಡಿ. ಲಕ್ಷಣ ಏನು ಹೇಳ್ತಾ ಇದೆ ಅನ್ನೋದನ್ನ ಮೊದಲು ನೋಡಿ.

ಮೂರನೇ ದಿನ: ಸಿಂಧೂ ನದಿ ಪಕ್ಕ ಶೇ, ಥಿಕ್ಸೆ

ಈಗ ಸೈಕಲ್ ಹತ್ತೋಣ. ಅದಕ್ಕೂ ಮೊದಲು ಲೇಹ್‌ನ ಭೂಗೋಳದ ಒಂದು ಗುಟ್ಟು. ಲೇಹ್ ಪೇಟೆ ಸಿಂಧೂ ನದಿಯ ದಡದಲ್ಲಿ ಇಲ್ಲ, ನದಿಯಿಂದ ಮೇಲಕ್ಕೆ ಬೆಟ್ಟದ ಕಡೆ ಏರಿ ಕೂತಿದೆ. ವಿಮಾನ ನಿಲ್ದಾಣ 3,256 ಮೀಟರ್‌ನಲ್ಲಿದ್ರೆ ಪೇಟೆ 3,500ರ ಆಸುಪಾಸು. ನದಿ ಕಡೆಗೆ ಹೊರಟ್ರೆ ಹೋಗೋವಾಗ ಇಳಿಜಾರು, ಬರೋವಾಗ ಏರು. ನಂದಿ ಬೆಟ್ಟದಲ್ಲಿ ಇದಕ್ಕೆ ಉಲ್ಟಾ, ಬೆಳಿಗ್ಗೆ ಹತ್ತಿ ಸುಸ್ತಾದ ಮೇಲೆ ಇಳಿದು ಮನೆಗೆ ಬರ್ತೀವಿ. ಇಲ್ಲಿ ಸುಸ್ತಾದ ಮೇಲೆ, ಅದೂ ಮಧ್ಯಾಹ್ನದ ಗಾಳಿ ಎದ್ದ ಮೇಲೆ ಹತ್ತಬೇಕು. ಮ್ಯಾಪ್‌ನಲ್ಲಿ ಕಾಣೋ ದೂರವನ್ನ ನಂಬಿ ಹೊರಟವರು ಸೋಲೋದು ಈ ವಾಪಸ್ ದಾರಿಯಲ್ಲೇ.

ಮೊದಲ ಸವಾರಿಗೆ ನನ್ನ ಆಯ್ಕೆ ಚೋಗ್ಲಮ್‌ಸಾರ್ ಮೂಲಕ ಶೇ, ಅಲ್ಲಿಂದ ಥಿಕ್ಸೆ. ಶೇ ಸುಮಾರು 15 ಕಿ.ಮೀ., ಥಿಕ್ಸೆ ಸುಮಾರು 19 ಕಿ.ಮೀ. ಡಾಂಬರು ರಸ್ತೆ. ಒಂದು ಕಡೆ ಪಾಪ್ಲರ್ ಮರಗಳ ಸಾಲು, ಬಾರ್ಲಿ ಹೊಲ, ಇನ್ನೊಂದು ಕಡೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ. ಶೇ ಹಿಂದೆ ಲಡಾಖ್ ಅರಸರ ರಾಜಧಾನಿ ಆಗಿತ್ತು, ಹಳೇ ಅರಮನೆ ಬಂಡೆ ಮೇಲೆ ಇನ್ನೂ ನಿಂತಿದೆ. ಥಿಕ್ಸೆ ಮಠದಲ್ಲಿ ಸುಮಾರು 15 ಮೀಟರ್ ಎತ್ತರದ ಮೈತ್ರೇಯ ಬುದ್ಧನ ಮೂರ್ತಿ ಇದೆ. ಮಠದ ಮೆಟ್ಟಿಲು ಹತ್ತುವಾಗ ನಿಮ್ಮ ದೇಹ ಎಷ್ಟು ಹೊಂದಿಕೊಂಡಿದೆ ಅಂತ ತಾನಾಗೇ ಗೊತ್ತಾಗುತ್ತೆ. ಇಪ್ಪತ್ತು ಮೆಟ್ಟಿಲಿಗೇ ನಿಂತು ಏದುಸಿರು ಬಿಡ್ತಾ ಇದ್ರೆ ವಾಪಸ್ ಬರೋಕೆ ಟ್ಯಾಕ್ಸಿ ಮಾಡಿ, ಸೈಕಲ್ ಮೇಲೆ ಕಟ್ಟಿ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ಚೆನ್ನಾಗಿ ಹೊಂದಿಕೊಂಡವರು ಮುಂದೆ ಇನ್ನೊಂದು ದಿನ ಇದೇ ದಾರಿಯಲ್ಲಿ ಕಾರು ಅನ್ನೋ ಊರಿನ ಮೂಲಕ ಹೆಮಿಸ್ ಮಠದ ತನಕ ಹೋಗಬಹುದು. ಅದು ಲೇಹ್‌ನಿಂದ ಸುಮಾರು 45 ಕಿ.ಮೀ., ಕೊನೆಯ ಭಾಗ ಒಳ್ಳೇ ಏರು. ಕಮ್ಮಿ ದೂರ ಸಾಕು ಅನ್ನೋರು ಚೋಗ್ಲಮ್‌ಸಾರ್ ಸೇತುವೆ ದಾಟಿ ಸ್ಟೋಕ್ ಹಳ್ಳಿಗೆ ಹೋಗಿ ಬರಬಹುದು. ಅಲ್ಲಿ ವಾಹನ ಕಮ್ಮಿ, ಮಣ್ಣಿನ ಗೋಡೆಯ ಮನೆಗಳು, ತೊರೆ ನೀರಿನ ಸದ್ದು.

ನಾಲ್ಕನೇ, ಐದನೇ ದಿನ: ಸಂಗಮದ ಕಡೆ

ಪಶ್ಚಿಮಕ್ಕೆ ಶ್ರೀನಗರದ ಹೆದ್ದಾರಿ ಹಿಡಿದ್ರೆ ಸ್ಪಿತುಕ್ ಮಠ, ಪತ್ಥರ್ ಸಾಹಿಬ್ ಗುರುದ್ವಾರ, ಮ್ಯಾಗ್ನೆಟಿಕ್ ಹಿಲ್, ಆಮೇಲೆ ಸುಮಾರು 35 ಕಿ.ಮೀ. ದೂರದಲ್ಲಿ ನಿಮ್ಮು. ಝಂಸ್ಕಾರ್ ನದಿ ಸಿಂಧೂವನ್ನ ಸೇರೋದು ಅಲ್ಲೇ. ಎರಡು ನೀರಿಗೆ ಎರಡು ಬಣ್ಣ ಇರೋದು ಮೇಲಿನ ರಸ್ತೆಯಿಂದಲೇ ಕಾಣುತ್ತೆ.

ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಕಾರು ತಾನಾಗೇ ಏರು ಹತ್ತುತ್ತೆ ಅಂತ ನೂರಾರು ರೀಲ್ಸ್ ನೋಡಿರ್ತೀರಿ. ಅದು ಕಣ್ಣಿನ ಭ್ರಮೆ. ಸುತ್ತಲಿನ ಬೆಟ್ಟಗಳ ಓರೆಯಿಂದಾಗಿ ಇಳಿಜಾರು ಏರಿನ ಥರ ಕಾಣುತ್ತೆ. ಕಾರಲ್ಲಿ ಕೂತವರಿಗೆ ಇದು ಪವಾಡ. ಸೈಕಲ್ ಮೇಲಿರೋರಿಗೆ ಪೆಡಲ್ ಯಾಕೋ ಹಗುರ ಆಯ್ತಲ್ಲ ಅಂತ ಕಾಲಿಗೇ ಗೊತ್ತಾಗುತ್ತೆ.

ಈ ದಾರಿಯಲ್ಲೂ ಹೋಗೋವಾಗಿನ ಖುಷಿಗೆ ಬರೋವಾಗ ಬಡ್ಡಿ ಕಟ್ಟಬೇಕು. ನಿಮ್ಮುವಿಂದ ಮೇಲಿನ ಬಯಲಿಗೆ ಉದ್ದನೆಯ ಏರು, ನೆರಳೇ ಇಲ್ಲ, ಜೊತೆಗೆ ಸೇನೆಯ ಲಾರಿಗಳ ಸಾಲು. ಅದಕ್ಕೆ ಒಂದು ಕಡೆ ಸೈಕಲ್, ಇನ್ನೊಂದು ಕಡೆ ವಾಹನ ಅಂತ ಮೊದಲೇ ಮಾತಾಡಿಕೊಳ್ಳೋದು ಒಳ್ಳೇದು. ಇನ್ನೂ ಒಂದು ದಿನ ಕೈಯಲ್ಲಿದ್ರೆ ನಿಮ್ಮುವಿಂದ ಝಂಸ್ಕಾರ್ ನದಿ ಪಕ್ಕ ಚಿಲ್ಲಿಂಗ್ ಕಡೆ ಹೋಗೋ ರಸ್ತೆ ಹಿಡೀರಿ. ಚಿಲ್ಲಿಂಗ್ ಸುಮಾರು 28 ಕಿ.ಮೀ., ತಾಮ್ರ ಹಿತ್ತಾಳೆ ಕೆಲಸದವರ ಹಳ್ಳಿ. ಕಡಿದಾದ ಬಂಡೆಗಳ ನಡುವೆ ನದಿ ಜೊತೆಗೇ ಸಾಗೋ ಆ ದಾರಿ, ನನ್ನನ್ನ ಕೇಳಿದ್ರೆ, ಖರ್ದುಂಗ್ ಲಾಗಿಂತ ಚೆನ್ನಾಗಿದೆ. ಎತ್ತರವೂ ಲೇಹ್‌ಗಿಂತ ಕಮ್ಮಿ.

ಆರನೇ ದಿನದ ಮೇಲೆ: ಖರ್ದುಂಗ್ ಲಾ

ಈಗ ಎಲ್ಲರೂ ಕಾಯ್ತಾ ಇರೋ ಹೆಸರು. ತುದಿಯಲ್ಲಿ ಇದ್ದ ಪ್ರಸಿದ್ಧ ಫಲಕದ ಪ್ರಕಾರ ಅದು 18,380 ಅಡಿ, ಅಂದ್ರೆ 5,602 ಮೀಟರ್. ಜಿಪಿಎಸ್ ಅಳತೆಯಲ್ಲಿ ಸಿಗೋದು 5,359 ಮೀಟರ್. ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಅನ್ನೋ ಬಿರುದು ಕೂಡ ಈಗ ಅದರದ್ದಲ್ಲ. ಲಡಾಖ್‌ನಲ್ಲೇ ಇರೋ ಉಮ್ಲಿಂಗ್ ಲಾ 19,024 ಅಡಿ ಎತ್ತರ ಅಂತ 2021ರಲ್ಲಿ ಗಿನ್ನಿಸ್ ದಾಖಲೆ ಸೇರಿತು. ಬಿರುದು ಹೋದ್ರೂ ಖರ್ದುಂಗ್ ಲಾ ಸುಲಭ ಆಗಿಲ್ಲ.

ಲೇಹ್‌ನಿಂದ ಸುಮಾರು 40 ಕಿ.ಮೀ., ಏರು ಸುಮಾರು 1,850 ಮೀಟರ್. ಸರಾಸರಿ ತೆಗೆದ್ರೆ ನೂರು ಮೀಟರಿಗೆ ನಾಲ್ಕೂವರೆ ಮೀಟರ್ ಚಿಲ್ಲರೆ ಏರು. ನಂದಿ ಬೆಟ್ಟದ ಏರು ಏಳೆಂಟು ಕಿಲೋಮೀಟರಲ್ಲಿ ನಾನೂರು ಚಿಲ್ಲರೆ ಮೀಟರ್, ಅಂದ್ರೆ ಅದೇ ಹೆಚ್ಚು ಕಡಿದು. ನಾಲ್ಕು ನಂದಿ ಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ, ಅಷ್ಟೇ ತಾನೇ ಅಂತ ಅನ್ನಿಸಬಹುದು. ವ್ಯತ್ಯಾಸ ಏನಂದ್ರೆ, ಮೊದಲ ನಂದಿ ಬೆಟ್ಟಕ್ಕೇ ಉಸಿರಿನ ಮೂರನೇ ಒಂದು ಪಾಲು ಇರಲ್ಲ, ನಾಲ್ಕನೆಯದಕ್ಕೆ ಬರೋ ಹೊತ್ತಿಗೆ ಅರ್ಧಾನೇ ಇರಲ್ಲ.

ಇದನ್ನ ಮೂರು ಥರ ಮಾಡಬಹುದು. ಒಂದು, ಸೌತ್ ಪುಲ್ಲು ಚೆಕ್‌ಪೋಸ್ಟ್ ತನಕ ಹತ್ತಿ ವಾಪಸ್ ಬರೋದು. ಸುಮಾರು 24 ಕಿ.ಮೀ. ಏರು, ರಸ್ತೆ ಚೆನ್ನಾಗಿದೆ, ಇಡೀ ಲೇಹ್ ಕಣಿವೆ ಕಾಲ ಕೆಳಗೆ ಕಾಣುತ್ತೆ. ಒಂದು ವಾರದ ಪ್ರವಾಸಕ್ಕೆ ಇದೇ ಸರಿಯಾದ ಗುರಿ ಅಂತ ನನ್ನ ಅನಿಸಿಕೆ. ಎರಡು, ಜೀಪಿನಲ್ಲಿ ಸೈಕಲ್ ಸಮೇತ ತುದಿಗೆ ಹೋಗಿ ಬರೀ ಇಳಿಯೋದು. ಪ್ಯಾಕೇಜ್‌ಗಳಲ್ಲಿ ಮಾರೋದು ಇದನ್ನೇ. ಮೂರು, ಪೂರ್ತಿ ಹತ್ತಿ ಇಳಿಯೋದು. ಇದಕ್ಕೆ ಎಂಟು ಹತ್ತು ದಿನ ಆ ಎತ್ತರದಲ್ಲಿ ಕಳೆದು, ನಡುವೆ ಸೌತ್ ಪುಲ್ಲು ತನಕ ಒಮ್ಮೆಯಾದ್ರೂ ಹೋಗಿ ಬಂದವರು ಮಾತ್ರ ಕೈ ಹಾಕಬೇಕು.

ಜೀಪಿನ ಆಯ್ಕೆ ಸುಲಭ ಅನ್ನಿಸುತ್ತೆ. ಪೆಡಲ್ ತುಳಿಯೋದೇ ಇಲ್ವಲ್ಲ! ಆದ್ರೆ ಹೊಂದಿಕೊಳ್ಳದ ದೇಹವನ್ನ ಎರಡು ಗಂಟೆ ಒಳಗೆ 1,850 ಮೀಟರ್ ಮೇಲಕ್ಕೆ ಎತ್ತಿ ಇಡ್ತೀರಿ. ಆಮೇಲೆ ತಲೆ ಧಿಂ ಅಂತಿರುವಾಗ, ಬೆರಳು ಮರಗಟ್ಟಿರುವಾಗ, ಒಂದು ಪಕ್ಕ ಪ್ರಪಾತ ಇರೋ ರಸ್ತೆಯಲ್ಲಿ ನಿರ್ಧಾರ ತಗೋಬೇಕು. ತುದಿಯ ಹತ್ತಿರ ಹಿಮ ಕರಗಿದ ನೀರು ಹರಿದು ರಸ್ತೆ ಕಿತ್ತಿರುತ್ತೆ, ಕಲ್ಲು ಎದ್ದಿರುತ್ತೆ. ಗಾಳಿ ತೆಳು ಇರೋದ್ರಿಂದ ಎದುರು ಗಾಳಿಯ ತಡೆ ಕಮ್ಮಿ, ಅದೇ ಇಳಿಜಾರಿನಲ್ಲಿ ನಮ್ಮ ಊರಿಗಿಂತ ಹೆಚ್ಚು ವೇಗ ಬರುತ್ತೆ. ಬ್ರೇಕ್ ಬಿಡದೇ ಒತ್ತಿ ಹಿಡಿದ್ರೆ ಬಿಸಿಯಾಗಿ ಹಿಡಿತ ಹೋಗುತ್ತೆ. ಒತ್ತಿ, ಬಿಡಿ, ಮತ್ತೆ ಒತ್ತಿ. ಪ್ರತಿ ಏಳೆಂಟು ಕಿಲೋಮೀಟರಿಗೆ ನಿಂತು ಬ್ರೇಕ್ ಆರೋಕೆ ಬಿಡಿ. ತುದಿಯಲ್ಲಿ ಫೋಟೋ ತೆಗೆದು ಇಪ್ಪತ್ತು ನಿಮಿಷದ ಒಳಗೆ ಹೊರಟುಬಿಡಿ.

ಇಷ್ಟೂ ದಾರಿಗಳಲ್ಲಿ ರಾತ್ರಿ ಮಲಗೋದು ಲೇಹ್‌ನಲ್ಲೇ ಅನ್ನೋದು ಗಮನಿಸಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗೋದು ಬೆಟ್ಟ ಹತ್ತೋರ ಹಳೇ ಪದ್ಧತಿ. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗದ ಎತ್ತರವನ್ನ ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ದಿನ ಇಟ್ಕೋಬೇಕು ಅನ್ನೋದು ವೈದ್ಯರ ಸಾಮಾನ್ಯ ಸಲಹೆ.

ಮನಾಲಿಯಿಂದ ಲೇಹ್‌ಗೆ ಸೈಕಲ್‌ನಲ್ಲೇ ಬರೋ ದಾರಿ ಬಗ್ಗೆ ಇನ್ನೊಂದು ಸಂಚಿಕೆಯೇ ಬೇಕು. ಬಾರಾಲಾಚಾ ಲಾ, ಲಾಚುಂಗ್ ಲಾ, ತಂಗ್ಲಾಂಗ್ ಲಾ ದಾಟಿ, ಗಾಟಾ ಲೂಪ್ಸ್‌ನ 21 ತಿರುವು ಹತ್ತಿ ಬರೋಕೆ ಸಾಮಾನ್ಯವಾಗಿ ಎಂಟು ಹತ್ತು ದಿನ ಬೇಕು. ರಸ್ತೆಯಲ್ಲಿ ಬಂದ್ರೆ ಹೊಂದಾಣಿಕೆ ತಾನಾಗೇ ಆಗುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ನಡುವೆ ಸರ್ಚು ಸುಮಾರು 4,300 ಮೀಟರ್, ಲೇಹ್‌ಗಿಂತ ಎಷ್ಟೋ ಎತ್ತರ. ಅಲ್ಲಿ ಮಲಗೋ ಮೊದಲು ಕೆಳಗೆ ಸಾಕಷ್ಟು ರಾತ್ರಿ ಕಳೆದಿರಬೇಕು.

ಕಟ್ಟಿದ ದುಡ್ಡು, ಬಿಡದ ಮನಸ್ಸು

ಈಗ ನನ್ನ ಕಾಮರ್ಸ್ ತಲೆಗೆ ಬರೋಣ. ನಾವು ಹೋದಾಗ ಗುಂಪಲ್ಲಿ ಐದು ಜನ ಇದ್ವಿ. ಅದರಲ್ಲಿ ದಾವಣಗೆರೆಯ ಒಬ್ಬ ಗೆಳೆಯ ಎಲ್ಲರಿಗಿಂತ ಗಟ್ಟಿ ಸವಾರ. ಖರ್ದುಂಗ್ ಲಾ ಇಳಿಯೋ ಪ್ಯಾಕೇಜ್ ಅವನೊಬ್ಬನೇ ಊರಿಂದಲೇ ಬುಕ್ ಮಾಡಿದ್ದ, ಎರಡು ಸಾವಿರ ಚಿಲ್ಲರೆ ಕಟ್ಟಿದ್ದ. ದಿನಾಂಕ ಮೂರನೇ ದಿನಕ್ಕೆ ಬಿತ್ತು. ಆ ದಿನ ಬೆಳಿಗ್ಗೆ ಅವನಿಗೆ ತಲೆನೋವು, ತಿಂಡಿ ಸೇರಲಿಲ್ಲ. ಏಜೆಂಟ್‌ಗೆ ಫೋನ್ ಮಾಡಿದ್ರೆ, "ದುಡ್ಡು ವಾಪಸ್ ಬರಲ್ಲ, ಮೇಲೆ ಹೋದ್ರೆ ಫ್ರೆಶ್ ಆಗ್ತೀರಿ ಸರ್" ಅಂದ. ಗೆಳೆಯ ಅರ್ಧ ಗಂಟೆ ಶೂ ಹಾಕ್ಕೊಂಡೇ ಮಂಚದ ಮೇಲೆ ಕೂತಿದ್ದ. ನಾವು ಉಳಿದಿದ್ದ ಮನೆಯ ಅಮ್ಮ, ಅಲ್ಲಿ ಗೌರವದಿಂದ ಆಮಾ–ಲೇ ಅಂತ ಕರೀತಾರೆ, ಬಿಸಿನೀರಿನ ಫ್ಲಾಸ್ಕ್ ತಂದಿಟ್ಟು ಹಿಂದಿಯಲ್ಲಿ ಇಷ್ಟೇ ಕೇಳಿದ್ರು: "ಬೆಟ್ಟ ನಾಳೆ ಎಲ್ಲಿಗಾದ್ರೂ ಹೋಗುತ್ತಾ ಮಗಾ?" ಅವನು ಶೂ ಬಿಚ್ಚಿದ. ಡಾಕ್ಟರಿಗೆ ತೋರಿಸಿ ಎರಡು ದಿನ ಮಲಗಿದ. ಆಮೇಲೆ ನಮ್ಮ ಜೊತೆ ಸಂಗಮದ ತನಕ ಸೈಕಲ್ ಹೊಡೆದ, ಹಾಡು ಹೇಳ್ಕೊಂಡು.

ಕಾಸ್ಟಿಂಗ್ ಕ್ಲಾಸಲ್ಲಿ ನಮಗೆ ಸಂಕ್ ಕಾಸ್ಟ್ ಅಂತ ಪಾಠ ಇತ್ತು. ಈಗಾಗಲೇ ಖರ್ಚಾಗಿ ಹೋದ, ಏನೇ ಮಾಡಿದ್ರೂ ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರದಲ್ಲಿ ಅದನ್ನ ಲೆಕ್ಕಕ್ಕೆ ತಗೋಬಾರದು ಅನ್ನೋದು ನಿಯಮ. ಪರೀಕ್ಷೆಯಲ್ಲಿ ಇದನ್ನ ಬರೆಯೋದು ಸುಲಭ. 3,500 ಮೀಟರ್‌ನಲ್ಲಿ, ವರ್ಷಕ್ಕೊಮ್ಮೆ ಸಿಗೋ ರಜೆಯಲ್ಲಿ, ಇಎಂಐ ಮೇಲೆ ಟಿಕೆಟ್ ತಗೊಂಡು ಬಂದಿರುವಾಗ ಪಾಲಿಸೋದು ತುಂಬಾ ಕಷ್ಟ. ಬೆಟ್ಟದಲ್ಲಿ ಹುಷಾರು ತಪ್ಪಿದವರು ಮೇಲಕ್ಕೆ ಹೋಗೋಕೆ ಎಷ್ಟೋ ಸಲ ಇದೇ ಕಾರಣ.

ಹಾಗಾಗಿ ಧೈರ್ಯದ ಮೇಲೆ ಭಾರ ಹಾಕಬೇಡಿ, ಬುಕಿಂಗ್ ಅನ್ನೇ ಬದಲಾಯಿಸಿ. ಊರಿಂದ ಹೊರಡುವಾಗ ವಿಮಾನ ಟಿಕೆಟ್, ಮೊದಲ ಎರಡು ಮೂರು ರಾತ್ರಿಯ ರೂಮು, ಇಷ್ಟು ಮಾತ್ರ ಬುಕ್ ಮಾಡಿ. ಸೈಕಲ್ ಬಾಡಿಗೆ, ಜೀಪು ಎಲ್ಲಾ ಅಲ್ಲೇ ಹೋಗಿ, ಒಂದು ದಿನ ಮೊದಲು ಮಾತಾಡಿ. ಐದು ದಿನ ಮಾತ್ರ ಇದ್ರೆ ಖರ್ದುಂಗ್ ಲಾ ಪಟ್ಟಿಯಿಂದ ತೆಗೆದುಬಿಡಿ. ಶೇ, ಥಿಕ್ಸೆ, ಸಂಗಮ ಸಾಕಷ್ಟು ಆಗುತ್ತೆ. ಖರ್ದುಂಗ್ ಲಾ ಬೇಕೇ ಬೇಕು ಅಂದ್ರೆ ಎಂಟರಿಂದ ಹತ್ತು ದಿನ ರಜೆ ಹಾಕಿ, ಎರಡು ದಿನ ಸುಮ್ಮನೆ ಖಾಲಿ ಇಡಿ. ಗುಂಪಲ್ಲಿ ಎಲ್ಲರೂ ಸೇರಿ ಒಂದು ಸಣ್ಣ ಟ್ಯಾಕ್ಸಿ ನಿಧಿ ಮಾಡ್ಕೊಳ್ಳಿ. ಯಾರು ನಡುದಾರಿಯಲ್ಲಿ ಸಾಕು ಅಂದ್ರೂ ಅದರಿಂದ ವಾಪಸ್. ಆಗ ಸಾಕು ಅನ್ನೋ ಮಾತು ಬಾಯಿಗೆ ಬರೋಕೆ ಮುಜುಗರ ಆಗಲ್ಲ. ಪ್ರವಾಸ ವಿಮೆ ತಗೊಳ್ಳೋರು ಷರತ್ತು ಓದಿ. ಸಾಹಸ ಕ್ರೀಡೆ, ಇಂತಿಷ್ಟು ಎತ್ತರದ ಮೇಲೆ ಅನ್ವಯಿಸಲ್ಲ ಅನ್ನೋ ಸಾಲು ಕೆಲವು ಪಾಲಿಸಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ.

ಹೊರಡೋ ಮುಂಚೆ ಇನ್ನಷ್ಟು

ಸೈಕಲ್‌ಗೆ ಒಳ್ಳೇ ಸಮಯ ಜೂನ್‌ನಿಂದ ಸೆಪ್ಟೆಂಬರ್. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದ ಒಳಗೆ ಮುಗಿಸಿ. ಆಮೇಲೆ ಗಾಳಿ ಏಳುತ್ತೆ, ಹಿಮ ಕರಗಿ ರಸ್ತೆಗೆ ಅಡ್ಡ ಹರಿಯೋ ತೊರೆಗಳೂ ಏರ್ತವೆ. ತೀರಾ ನಸುಕಿನಲ್ಲಿ ಒಬ್ಬರೇ ಹೊರಡಬೇಡಿ, ಲೇಹ್‌ನಲ್ಲಿ ಬೀದಿನಾಯಿಗಳ ಗುಂಪು ಜೋರಾಗಿದೆ. ಬಿಸಿಲು ಚುರುಕು, ತಣ್ಣಗಿದ್ರೂ ಚರ್ಮ ಸುಡುತ್ತೆ. ಸನ್‌ಸ್ಕ್ರೀನ್, ತಂಪು ಕನ್ನಡಕ, ಪೂರ್ತಿ ಬೆರಳಿನ ಗ್ಲೌಸ್, ಹೆಲ್ಮೆಟ್ ಬೇಕೇ ಬೇಕು.

ಸ್ವಂತ ಸೈಕಲ್ ತರೋರು ಟೈರಿನ ಗಾಳಿ ನೋಡ್ಕೊಳ್ಳಿ. ಬೆಂಗಳೂರಲ್ಲಿ ತುಂಬಿಸಿದ ಟೈರು ಲೇಹ್‌ನಲ್ಲಿ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತೆ, ಹೊರಗಿನ ಒತ್ತಡ ಕಮ್ಮಿ ಆಗಿರೋದ್ರಿಂದ. ಚಿಪ್ಸ್ ಪ್ಯಾಕೆಟ್ ಅಲ್ಲಿ ಬಲೂನಿನ ಹಾಗೆ ಉಬ್ಬೋದೂ ಇದೇ ಕಾರಣಕ್ಕೆ. ಬಾಡಿಗೆ ಸೈಕಲ್ ಆದ್ರೆ ಅಂಗಡಿ ಮುಂದೇನೇ ಬ್ರೇಕ್ ಪ್ಯಾಡ್ ಬಿಚ್ಚಿಸಿ ನೋಡಿ, ಸವೆದಿದ್ರೆ ಬದಲಾಯಿಸಿ ಕೊಡಿ ಅಂತ ಕೇಳಿ. ನಿಮ್ಮ ತೂಕ ಪೂರ್ತಿ ಅದರ ಮೇಲೇನೇ ಇಳಿಯೋದು.

ಮೊಬೈಲ್ ವಿಷಯ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದು ಕೂಡ ಊರು ಬಿಟ್ಟು ಮುಂದೆ ಹೋದ್ರೆ ಬಂದು ಹೋಗಿ ಮಾಡುತ್ತೆ. ಮ್ಯಾಪ್, ಈ ಸಂಚಿಕೆ, ಎರಡನ್ನೂ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಕೈಯಲ್ಲಿ ನಗದು ಇಟ್ಕೊಳ್ಳಿ. ಎಲ್ಲಿಗೆ ಹೋಗ್ತಾ ಇದೀರಿ, ಎಷ್ಟೊತ್ತಿಗೆ ವಾಪಸ್ ಅಂತ ಉಳಿದಿರೋ ಮನೆಯವರಿಗೆ ಹೇಳಿ ಹೊರಡಿ.

ಕೊನೆಗೆ, ಈ ಸಂಚಿಕೆಯಲ್ಲಿ ಬೇರೆ ಏನು ಮರೆತ್ರೂ ಪರವಾಗಿಲ್ಲ, ಮೂರು ವಿಷಯ ಫೋನಲ್ಲಿ ಬರೆದಿಟ್ಕೊಳ್ಳಿ. ತಲೆನೋವು ಇರುವಾಗ ಮೇಲಕ್ಕೆ ಹೋಗಬೇಡಿ. ಅದು ಹೆಚ್ಚಾಗ್ತಾ ಇದ್ರೆ ಕೆಳಗೆ ಇಳೀರಿ. ಜೊತೆಯವರು ಗೊಂದಲದಲ್ಲಿ ಮಾತಾಡ್ತಾ ಇದ್ರೆ, ಕೂತಲ್ಲೇ ಏದುಸಿರು ಬಿಡ್ತಾ ಇದ್ರೆ ಅವರನ್ನ ಒಬ್ಬರೇ ಬಿಡದೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಲೇಹ್‌ಗೆ ಹೊರಟಿರೋ ಗೆಳೆಯರಿಗೆ, ಮುಖ್ಯವಾಗಿ "ನನಗೇನೂ ಆಗಲ್ಲ" ಅನ್ನೋ ಗೆಳೆಯರಿಗೆ, ಈ ಸಂಚಿಕೆ ಕಳಿಸಿ. ನೀವು ಈಗಾಗಲೇ ಹೋಗಿ ಬಂದಿದ್ರೆ ಯಾವ ದಿನ ಯಾವ ದಾರಿ ಮಾಡಿದ್ರಿ ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲೀವರೆಗೆ, ಲಡಾಖಿನವರು ಸಿಕ್ಕಾಗಲೂ ಹೊರಡುವಾಗಲೂ ಹೇಳೋ ಹಾಗೆ, ಜುಲೇ!